ನಡುಕಕ್ಕೊಂದು ಪಟ್ಟಿ

ನವಲಗುಂದ
ತಾ. ೧೮-೧-೧೯೮೮

ಚಿ. ದುರಗವ್ವಳಿಗೆ ರೇವವ್ವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಆರಾಮ ಎಂದು ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಆರಾಮ ಇಲ್ಲ. ಅದಕ್ಕೇ ನಿಮ್ಮ ಮಾಸ್ತರಿಗೆ ಹೇಳದೆ ಬರೆಯುತ್ತಿದ್ದೇನೆ.

ದಸರೆಗೆ ನೀನು ಬಂದಾಗ ಅವರ ಬಲಗೈ ಸಣ್ಣಗೆ ನಡುಗುತ್ತಿತ್ತು. ನೋಡಿಯೂ ನೋಡದವಳ ಹಾಗೆ ಇದ್ದಿ, ನನಗೆ ತಿಳಿಯಿತು. ಈಗ ಮುಚ್ಚಿಡುವ ಹಾಗಿಲ್ಲ. ಹುಬ್ಬಳ್ಳಿಯ ಡಾಕ್ಟರು ಗುಳಿಗೆ ಕೊಟ್ಟಿದ್ದಾರೆ. ಇದನ್ನು ನಿಧಾನ ಮಾಡಬಹುದು, ನಿಲ್ಲಿಸಲು ಬರುವುದಿಲ್ಲ ಎಂದರು. ಚಹಾ ಅರ್ಧ ಲೋಟ ಮಾತ್ರ ಹಾಕು ಎನ್ನುತ್ತಾರೆ ಇವರು. ಯಾರಾದರೂ ಬಂದರೆ ಕೈಯನ್ನು ಧೋತರದ ಚುಂಗಿನಲ್ಲಿ ಸುತ್ತಿಕೊಂಡು ಕೂರುತ್ತಾರೆ. ಅರ್ಧ ತಾಲೂಕಿಗೆ ಚಿತ್ರ ಬರೆಯಲು ಕಲಿಸಿದ ಕೈ ಅದು.

ಜಮಖಾನಿ ನೇಯುವ ಮರಿಯಮಬಿ ನಿನಗೆ ಗೊತ್ತು. ಅವಳಿಗೆ ಹೊಸ ನಮೂನೆ ಬೇಕಾದಾಗಲೆಲ್ಲ ಗ್ರಾಫ್ ಹಾಳೆಯ ಮೇಲೆ ಚೌಕದ ಮನೆ ಎಣಿಸಿ ಬರೆದುಕೊಡುತ್ತಿದ್ದವರು ಇವರೇ. ಈ ಸಲ ಒಂದೇ ಒಂದು ದೊಡ್ಡ ನವಿಲು ಸುರು ಮಾಡಿದ್ದರು. ಮೈ ಮುಗಿಯಿತು, ಕುತ್ತಿಗೆಗೆ ಬರುವಷ್ಟರಲ್ಲಿ ಕೈ ಹೋಯಿತು. ಅವಳು ನೂಲಿಗೆ ಬಣ್ಣ ಹಾಕಿಸಿ, ಮಗ್ಗಕ್ಕೆ ಹಾಸಿನ ಎಳೆ ಏರಿಸಿ ಕೂತಿದ್ದಾಳೆ. ದಿನಾ ಬಂದು ನಮ್ಮ ಕಟ್ಟೆಯ ಮೇಲೆ ಕೂಡುತ್ತಾಳೆ. “ಮಾಸ್ತರ್ರು ಬರೀಲಿ, ನಾ ಕಾಯ್ತೀನ್ರಿ,” ಎನ್ನುತ್ತಾಳೆ. ಇವರು ಹಿತ್ತಲ ಬಾಗಿಲಿನಿಂದ ಹೊರಗೆ ಹೋಗಿಬಿಡುತ್ತಾರೆ. ಸುಟ್ಟ ಎಳೆಜೋಳದ ಸೀತನಿ ತಿನ್ನಲು ಹೊಲಕ್ಕೆ ಕರೆದರೆ ಹಿಂದಿನ ವರ್ಷ ಎಲ್ಲರಿಗಿಂತ ಮುಂದೆ ಇದ್ದವರು, ಈ ವರ್ಷ ತೆನೆ ತಿಕ್ಕಲು ಕೈ ಬರುವುದಿಲ್ಲವೆಂದು ಮನೆಯಲ್ಲೇ ಉಳಿದರು.

ಹೈಸ್ಕೂಲಿಗೆ ಕಂಪ್ಯೂಟರ್ ಬಂದಿದೆ. ಕಂಪ್ಯೂಟರಿನಲ್ಲಿ ಚಿತ್ರ ಬರೆಯಬಹುದು, ನಮ್ಮ ಪಾಲಿಟೆಕ್ನಿಕ್ಕಿನಲ್ಲಿ ಅದನ್ನೇ ಕಲಿಸುತ್ತೇನೆ ಎಂದು ನೀನು ಹೇಳಿದ್ದಿ. ಕೈ ನಡುಗುವವರೂ ಬರೆಯಬಹುದೇ? ಅರ್ಧ ಬರೆದ ಹಾಳೆ ಇದರ ಜೊತೆಗಿದೆ. ಕದ್ದು ಕಳಿಸಿದ್ದೇನೆ ಎಂದರೂ ಅನ್ನು.

ನಿನ್ನ
ರೇವವ್ವ

—

ಬೆಳಗಾವಿ
ತಾ. ೩೧-೧-೧೯೮೮

ಪೂಜ್ಯ ಗುರುಗಳಿಗೆ ದುರಗವ್ವಳ ನಮಸ್ಕಾರಗಳು.

ಅವ್ವಾರನ್ನು ಬೈಯಬೇಡಿ. ಹಾಳೆ ನನ್ನ ಹತ್ತಿರ ಬಂದದ್ದಕ್ಕೆ ಅವರಷ್ಟೇ ನಾನೂ ಪಾಲುಗಾರ್ತಿ.

ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ರೆಕ್ಕೆಯ ಹತ್ತಿರ ಒಂದೊಂದು ಮನೆ ಬಿಟ್ಟು ಬಿಟ್ಟು ಮೆಟ್ಟಿಲಿನಂತೆ ಇಳಿಸಿದ್ದೀರಲ್ಲ, ಅಲ್ಲಿ ಕಣ್ಣು ನಿಂತುಬಿಟ್ಟಿತು. ಚೌಕಾನು ಚೌಕ ಮನೆಗಳಲ್ಲಿ ಇಷ್ಟು ಗುಂಡಗಿನ ಬೆನ್ನು ತರುವುದು ನಿಮಗಲ್ಲದೆ ಇನ್ನಾರಿಗೂ ಬರುವುದಿಲ್ಲ. ಎದುರಿಗೆ ಹೇಳಿದರೆ ನೀವು ಮಾತು ಹಾರಿಸುತ್ತೀರಿ, ಅದಕ್ಕೆ ಬರೆಯುತ್ತಿದ್ದೇನೆ.

ಇದರೊಂದಿಗೆ ಒಂದು ಫ್ಲಾಪಿ, ಒಂದು ಮೌಸ್ ಕಳಿಸಿದ್ದೇನೆ. ನಿಮ್ಮ ಶಾಲೆಯ ಯಂತ್ರ, ನಮ್ಮದು ಒಂದೇ ಜಾತಿಯವು. ನಿಮ್ಮ ನವಿಲು ಪರದೆಯ ಮೇಲೆ ಬರುತ್ತದೆ. ಅದರ ಕೆಳಗೆ ಮೂರು ಪಟ್ಟಿಗಳಿವೆ, ಒಂದೊಂದು ಪಟ್ಟಿಯ ಮೇಲೆ ಒಂದೊಂದು ಗುಂಡಿ. ಇದಕ್ಕೆ ಸ್ಲೈಡರ್ ಎನ್ನುತ್ತಾರೆ. ಟೇಪ್ ರೆಕಾರ್ಡರಿನಲ್ಲಿ ಆವಾಜು ಏರಿಸಲು ಸರಿಸುವ ಗುಂಡಿ ಇರುತ್ತದಲ್ಲ, ಹಾಗೆ. ಮೌಸಿನಿಂದ ಗುಂಡಿಯನ್ನು ಒತ್ತಿ ಹಿಡಿದು ಬಲಕ್ಕೆ ಸರಿಸಿದರೆ ಕುತ್ತಿಗೆ ಉದ್ದವಾಗುತ್ತದೆ, ಎಡಕ್ಕೆ ಸರಿಸಿದರೆ ಗಿಡ್ಡ. ಎರಡನೆಯದು ಕುತ್ತಿಗೆಯ ಬಾಗು, ಮೂರನೆಯದು ಗರಿಯ ಹರವು. ಗೆರೆ ಎಳೆಯುವ ಕೆಲಸ ಯಂತ್ರದ್ದು. ಎಷ್ಟು ಎಂದು ಹೇಳುವುದಷ್ಟೇ ನಿಮ್ಮದು.

ಎಷ್ಟು ಎಂದು ಹೇಳುವುದರಲ್ಲೇ ಎಲ್ಲ ವಿದ್ಯೆ ಇದೆ ಎಂದು ಕಲಿಸಿದವರು ನೀವೇ. ಮೊರಬದ ನಮ್ಮ ಮನೆಯ ತನಕ ನಡೆದು ಬಂದು, “ಲಕ್ಷ್ಮಣಪ್ಪ, ಹುಡುಗೀನ ಕೂಲಿಗೆ ಕಳಸಬ್ಯಾಡ, ಈಕಿ ಗೆರಿ ಓಡತಾವ,” ಎಂದು ನಮ್ಮಪ್ಪನಿಗೆ ಹೇಳಿದವರೂ ನೀವೇ. ಅವತ್ತು ಒಳಗಿನಿಂದ ಕೇಳುತ್ತ ನಿಂತಿದ್ದೆ. ಈಗ ನನ್ನ ಮಾತು ಕೇಳಿ ಒಂದು ರವಿವಾರ ಶಾಲೆಗೆ ಹೋಗಿಬನ್ನಿ.

ನಿಮ್ಮ ವಿದ್ಯಾರ್ಥಿನಿ
ದುರಗವ್ವ

—

ನವಲಗುಂದ
ತಾ. ೧೬-೨-೧೯೮೮

ಚಿ. ದುರಗವ್ವಳಿಗೆ ಶಿದ್ಲಿಂಗಪ್ಪ ಮಾಸ್ತರನ ಆಶೀರ್ವಾದ. ಅಕ್ಷರ ನಿಮ್ಮ ಅವ್ವಾರದು, ಮಾತು ನನ್ನದು. ಕಾಗುಣಿತ ತಪ್ಪಿದ್ದರೆ ಅವಳಿಗೆ ಹೇಳು, ಸಿಟ್ಟು ಕಂಡರೆ ನನಗೆ.

(ಕಾಗುಣಿತ ಒಂದೂ ತಪ್ಪಿಲ್ಲ. — ರೇ.)

ಹೋಗಿದ್ದೆ. ಹೆಡ್ ಮಾಸ್ತರ ಹೊಳೆಪ್ಪ ಕೀಲಿ ತೆಗೆದ. ಚಪ್ಪಲಿ ಹೊರಗೆ ಬಿಡಬೇಕಂತೆ. ಕಂಪ್ಯೂಟರಿನ ಹಣೆಗೆ ಕುಂಕುಮ ಹಚ್ಚಿದ್ದಾರೆ, ಮೇಲೆ ಕಸೂತಿ ಹಾಕಿದ ಮುಸುಕು. ಮದುಮಗಳ ಸೆರಗು ಸರಿಸಿದ ಹಾಗೆ ಅದನ್ನು ಸರಿಸಿ, ನಿನ್ನ ಫ್ಲಾಪಿ ಹಾಕಿದ. ನವಿಲು ಬಂತು. ನನ್ನದೇ ನವಿಲು. ಒಂದು ಗಳಿಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ.

ಆಮೇಲೆ ಗುಂಡಿ ಹಿಡಿದೆ. ನನ್ನ ಕೈ ಎಷ್ಟು ನಡುಗಿತೋ ನವಿಲು ಅಷ್ಟೂ ಸಲ ಕುತ್ತಿಗೆ ಚಾಚಿ, ಅಷ್ಟೂ ಸಲ ಒಳಗೆ ಎಳೆದುಕೊಂಡಿತು. ಕಾಳು ಹೆಕ್ಕುವ ಕೋಳಿ ನೋಡಿದ್ದೀಯಲ್ಲ, ಥೇಟ್ ಹಾಗೆ. ಹೊಳೆಪ್ಪನಿಗೆ ನಗು ತಡೆಯಲಾಗಲಿಲ್ಲ. ನಗಲಿ, ನನಗೂ ನಗು ಬಂತು. ಆದರೆ ಕಿಟಕಿಯ ಆಚೆ ಮರಿಯಮಬಿ ನಿಂತಿದ್ದಳು. ಯಾರು ಹೇಳಿದರೋ ಏನೋ. ಅವಳು ನಗಲಿಲ್ಲ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೋಗಿಬಿಟ್ಟಳು.

ಮನೆಯಲ್ಲಿ ಕೈ ನಡುಗಿದರೆ ಲೋಟದ ಚಹಾ ಚೆಲ್ಲುತ್ತದೆ, ಒರೆಸಿದರೆ ಮುಗಿಯಿತು. ಅಲ್ಲಿ ಅದನ್ನೇ ದೊಡ್ಡದು ಮಾಡಿ ಬಣ್ಣ ಹಚ್ಚಿ ತೋರಿಸಿದಂತಾಯಿತು. ನೀನು ಮನಸ್ಸಿಟ್ಟು ಮಾಡಿದ್ದಿ, ಅದು ಗೊತ್ತು. ಇಷ್ಟಕ್ಕೆ ಬಿಡು ಮಗಳೆ.

ಶಿದ್ಲಿಂಗಪ್ಪ

ಬಿಡಬೇಡ. — ರೇ.

—

ಬೆಳಗಾವಿ
ತಾ. ೨೭-೨-೧೯೮೮

ಪೂಜ್ಯ ಗುರುಗಳಿಗೆ ನಮಸ್ಕಾರಗಳು.

ನಿಮ್ಮ ಕಾಗದ ಓದಿ ಮೊದಲು ನನ್ನ ಮೇಲೇ ಸಿಟ್ಟು ಬಂತು. ಪ್ರೋಗ್ರಾಂ ಬರೆದ ಮೇಲೆ ಅದನ್ನು ನನ್ನ ಕೈಯಿಂದಲೇ ಪರೀಕ್ಷೆ ಮಾಡಿದ್ದೆ. ಇಪ್ಪತ್ತೇಳರ ಕೈ ನನ್ನದು, ಎಲ್ಲಿಟ್ಟರೆ ಅಲ್ಲಿ ನಿಲ್ಲುತ್ತದೆ. ಯಾರಿಗೆ ಬರೆಯುತ್ತಿದ್ದೇನೋ ಅವರ ಕೈಯನ್ನೇ ಮರೆತು ಬರೆದೆ.

ಆದದ್ದು ಇಷ್ಟು. ಗುಂಡಿ ಕೂದಲೆಳೆಯಷ್ಟು ಸರಿದರೂ ಅದು “ಸರಿದೆ, ಸರಿದೆ” ಎಂದು ನನ್ನ ಪ್ರೋಗ್ರಾಮನ್ನು ಕರೆಯುತ್ತದೆ. ಕರೆದಾಗಲೆಲ್ಲ ಅದು ಎದ್ದು ನವಿಲನ್ನು ಅಳಿಸಿ ಮತ್ತೆ ಬರೆಯುತ್ತದೆ. ಅತಿ ವಿಧೇಯ ಆಳು ಅದು, ಮಾಲಕ ಕೆಮ್ಮಿದರೂ ಓಡಿ ಬರುತ್ತದೆ. ಈಗ ತಿದ್ದಿದ್ದೇನೆ. ನೀವು ಗುಂಡಿಯನ್ನು ಹಿಡಿದು ಸರಿಸುವಷ್ಟು ಹೊತ್ತು ಸುಮ್ಮನಿರು, ಬಿಟ್ಟ ಮೇಲೆ ಎಲ್ಲಿ ಬಿಟ್ಟರೋ ಅಷ್ಟನ್ನೇ ಲೆಕ್ಕಕ್ಕೆ ಹಿಡಿದು ಬರೆ ಎಂದಿದ್ದೇನೆ. ನಡುವೆ ಎಷ್ಟು ನಡುಗಿದರೂ ಯಾರಿಗೂ ಕಾಣುವುದಿಲ್ಲ.

ಈ ಸಲ ಪರೀಕ್ಷೆಯನ್ನು ನೆಟ್ಟಗೆ ಮಾಡಿದೆ. ನಮ್ಮ ಜವಾನ ಗುಡದಪ್ಪನಿಗೆ ಮೇಜು ಅಲ್ಲಾಡಿಸಲು ಹೇಳಿ ನಾನು ಗುಂಡಿ ಸರಿಸಿದೆ. “ಬಾಯಾರ, ಪಗಾರ ಕೊಟ್ಟು ಮೇಜು ಅಲಗಾಡ್ಸೋ ಕೆಲಸ ಸರಕಾರದಾಗ ಮೊದಲನೇದ್ದು ನೋಡ್ರಿ,” ಎಂದ. ಅಲ್ಲಾಡಿಸಿದ್ದು ಮಾತ್ರ ಅಗದಿ ಪ್ರಾಮಾಣಿಕವಾಗಿ. ನವಿಲು ನಿಂತಲ್ಲೇ ನಿಂತಿತು.

ಹೊಸ ಫ್ಲಾಪಿ ಜೊತೆಗಿದೆ. ಇನ್ನೊಂದೇ ಸಲ ಹೋಗಿಬನ್ನಿ.

ನಿಮ್ಮ
ದುರಗವ್ವ

—

ನವಲಗುಂದ
ತಾ. ೧೪-೩-೧೯೮೮

ಚಿ. ದುರಗವ್ವಳಿಗೆ ರೇವವ್ವನ ಆಶೀರ್ವಾದ.

ಈ ಕಾಗದದಲ್ಲಿ ಮಾತೂ ನನ್ನದೇ. ಅವರು ಮಾತಾಡುತ್ತಿಲ್ಲ.

ಈ ಸಲ ನಾನೂ ಜೊತೆಗೆ ಹೋಗಿದ್ದೆ. ಮರಿಯಮಬಿಯನ್ನು ನಾನೇ ಕರೆದೆ, ಆ ತಪ್ಪು ನನ್ನದು. ಇವರು ಗುಂಡಿ ಹಿಡಿದರು, ಸರಿಸಿದರು. ನವಿಲು ಅಲುಗಲಿಲ್ಲ. ಇನ್ನೂ ಸರಿಸಿದರು. ಅಲುಗಲೇ ಇಲ್ಲ. ಬೆರಳು ಬೆಳ್ಳಗಾಗುವಷ್ಟು ಅದುಮಿ ಹಿಡಿದಿದ್ದರು. ಕೈ ನೋಯುತ್ತದೆ, ಬಿಡಿರಿ ಎಂದೆ. “ನಡುವ ಬಾಯಿ ಹಾಕಬ್ಯಾಡ, ಇನ್ನೂ ಆಗಿಲ್ಲ,” ಎಂದರು. ಹಣೆಯ ತುಂಬ ಬೆವರು. ನಾವು ಮೂವರೂ ಪರದೆ ನೋಡುತ್ತ ಕೂತೆವು. ಆಮೇಲೆ ಕರೆಂಟ್ ಹೋಯಿತು. ಆಗ ಕೈ ತೆಗೆದರು.

ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಮರಿಯಮಬಿಗೆ ಹೇಳಿದರು, “ಬೇರೆ ಯಾರನ್ನರ ನೋಡ್ಕೊ ಬೇ. ನನ್ನ ಕೈ ಯಂತ್ರಕ್ಕೂ ಬ್ಯಾಡಾತು.” ಮನೆಗೆ ಬಂದವರೇ ಕುಂಚ, ಕಂಪಾಸು, ಬಣ್ಣದ ಡಬ್ಬಿ ಎಲ್ಲ ಗಂಟು ಕಟ್ಟಿ ಶಾಲೆಗೆ ಕೊಟ್ಟು ಬಂದರು. ನಮಗೆ ಮಕ್ಕಳಿಲ್ಲ, ನಿನಗೆ ಗೊತ್ತು. ಆ ಗಂಟು ಮನೆಯಿಂದ ಹೊರಗೆ ಹೋಗುವುದನ್ನು ನೋಡಿ ನನಗೆ ಅಳು ತಡೆಯಲಾಗಲಿಲ್ಲ.

ನಿನ್ನನ್ನು ದೂರುತ್ತಿಲ್ಲ ಅವ್ವಾ. ಆದದ್ದನ್ನು ಹೇಳಿದೆ ಅಷ್ಟೆ.

ರೇವವ್ವ

—

ಬೆಳಗಾವಿ
ತಾ. ೨೦-೩-೧೯೮೮

ಅವ್ವಾರ, ಇದನ್ನು ಗುರುಗಳಿಗೆ ಗಟ್ಟಿಯಾಗಿ ಓದಿ ಹೇಳಿರಿ. ಎದ್ದು ಹೋದರೆ ಹಿಂದೆಯೇ ಹೋಗಿ ಓದಿರಿ.

ಗುರುಗಳೆ, ನೀವು ಗುಂಡಿಯನ್ನು ಬಿಡಲೇ ಇಲ್ಲ.

ಎಂಟನೇ ಇಯತ್ತೆಯಲ್ಲಿ ನೀವು ನಮಗೆಲ್ಲ ಮೊದಲು ಹೇಳಿದ ಮಾತು, “ಗೆರಿ ಮುಗಿಯೂತನಕ ಕೈ ಎತ್ತಬಾರದು.” ನಡುವೆ ಪೆನ್ಸಿಲ್ ಎತ್ತಿದ್ದಕ್ಕೆ ನನ್ನ ಗೆಣ್ಣಿನ ಮೇಲೆ ಫೂಟ್‌ಪಟ್ಟಿಯಿಂದ ಹೊಡೆದಿರಿ. ನವಲಗುಂದದಲ್ಲಿ ನಿಮ್ಮ ಹತ್ತಿರ ಕಲಿತವರು ಯಾರೂ ಇವತ್ತಿಗೂ ಅರ್ಧಕ್ಕೆ ಕೈ ಎತ್ತುವುದಿಲ್ಲ. ಅದೆಲ್ಲ ಗೊತ್ತಿದ್ದ ನಾನು ಏನು ಮಾಡಿದೆ? ಅವರು ಕೈ ಬಿಟ್ಟ ಮೇಲೆ ಬರೆ ಎಂದು ಯಂತ್ರಕ್ಕೆ ಹೇಳಿದೆ. ಕಾಗದದಲ್ಲಿ ತಿಳಿಸಿದ್ದೆ ನಿಜ, ಆದರೆ ಜನ್ಮದ ರೂಢಿ ಕಾಗದದಿಂದ ಹೋಗುತ್ತದೆಯೇ? ನವಿಲು ಆಗುವ ತನಕ ನೀವು ಕೈ ಬಿಡುವವರಲ್ಲ. ನೀವು ಬಿಡುವ ತನಕ ಅದು ಬರೆಯುವುದಿಲ್ಲ. ಕರೆಂಟ್ ಹೋಗದಿದ್ದರೆ ಇಬ್ಬರೂ ಇನ್ನೂ ಅಲ್ಲೇ ಕೂತಿರುತ್ತಿದ್ದಿರಿ.

ನಿಮ್ಮ ಕೈ ಯಂತ್ರಕ್ಕೆ ಬೇಡವಾಗಲಿಲ್ಲ. ನಿಮ್ಮ ಕೈಗೆ ನನ್ನ ಯಂತ್ರ ಸಾಲಲಿಲ್ಲ. ಅಷ್ಟು ನಡುಕದಲ್ಲೂ, ಅಷ್ಟು ನೋವಿನಲ್ಲೂ ನೀವು ಗೆರೆಯನ್ನು ಅರ್ಧಕ್ಕೆ ಬಿಡಲಿಲ್ಲ ಎಂಬಲ್ಲಿಗೇ ಮತ್ತೆ ಮತ್ತೆ ಬಂದು ಓದಿದೆ. ಯುಗಾದಿಯ ದಿನವೂ ಅದೇ ಗುಂಗಿನಲ್ಲಿದ್ದೆ.

ಪೂರ್ತಿ ಬೇರೆ ಥರ ಬರೆದಿದ್ದೇನೆ. ಗುಂಡಿ ಕೂತ ಜಾಗದ ಎರಡೂ ಬಾಜುಕ್ಕೆ ಸ್ವಲ್ಪ ಸಡಿಲು ಬಿಟ್ಟಿದ್ದೇನೆ. ಆ ಸಡಿಲಿನ ಒಳಗೆ ಕೈ ಎಷ್ಟೇ ನಡುಗಲಿ, ಗುಂಡಿ ಅಲುಗುವುದಿಲ್ಲ. ಕೈ ಅದನ್ನು ದಾಟಿ ಒಂದೇ ಕಡೆಗೆ ಹೊರಟರೆ ಮಾತ್ರ ಗುಂಡಿಯೂ ಹೊರಡುತ್ತದೆ, ಒಂದು ಮನೆ ಮುಂದೆ ಹೋಗಿ ಕೂಡುತ್ತದೆ. ಜಮಖಾನಿಗೆ ಮನೆಯ ಲೆಕ್ಕವೇ ತಾನೆ, ಅರ್ಧ ಮನೆ ಯಾರಿಗೆ ಬೇಕು? ಗುಂಡಿ ಒಂದೊಂದು ಮನೆ ದಾಟಿದಾಗಲೂ ನವಿಲು ಕಾಣುತ್ತದೆ, ನೀವು ಹಿಡಿದುಕೊಂಡೇ ಇರಬಹುದು. ಮೌಸ್ ಬೇಡವೆನಿಸಿದ ದಿನ ಬಾಣದ ಗುರುತಿನ ಕೀಲಿ ಒತ್ತಿರಿ, ಒಂದು ಸಲಕ್ಕೆ ಒಂದು ಮನೆ.

ಇದೂ ಸಲೀಸಾಗಿ ಆಗಲಿಲ್ಲ. ಗುಂಡಿಯನ್ನು ನಾನೇ ಅದರ ಮನೆಯಲ್ಲಿ ಕೂರಿಸಿದರೆ, “ಸರಿದೆ” ಎಂದು ಅದು ಮತ್ತೆ ನನ್ನನ್ನೇ ಕರೆಯುತ್ತಿತ್ತು. ಮತ್ತೆ ಕೂರಿಸಿದರೆ ಮತ್ತೆ ಕರೆಯುತ್ತಿತ್ತು. ಯಂತ್ರ ತಲೆತಿರುಗಿ ನಿಂತುಹೋಯಿತು. ಸರಿಸಿದ್ದು ಗುರುಗಳಾದರೆ ಕರೆ, ನಾನಾದರೆ ಬಾಯಿ ಮುಚ್ಚಿಕೊಂಡಿರು ಎಂದು ಬುದ್ಧಿ ಹೇಳಬೇಕಾಯಿತು.

ಹೋಗುತ್ತೀರಲ್ಲ?

ದುರಗವ್ವ

—

ನವಲಗುಂದ
ತಾ. ೧೮-೪-೧೯೮೮

ಚಿ. ದುರಗವ್ವಳಿಗೆ ಶಿದ್ಲಿಂಗಪ್ಪ ಮಾಸ್ತರನ ಆಶೀರ್ವಾದ. ಬರೆಯುವವಳು ಎಂದಿನವಳೇ.

ನಿನ್ನ ಕಾಗದ ಕೇಳಿ ಎದ್ದು ಹೋಗಿದ್ದೆ. ಇವಳು ಹಿತ್ತಲ ತನಕ ಬಂದು ಓದಿದಳು. ನೆರೆಯವರೆಲ್ಲ ಕೇಳಿದರು.

ಶಾಲೆಗೆ ಹೋದೆ. ಮರಿಯಮಬಿ ತಾನಾಗಿಯೇ ಬಂದಿದ್ದಳು, ನಾನು ಅಂದ ಮಾತನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಗುಂಡಿ ಹಿಡಿದೆ. ಕೈ ನಡುಗಿತು, ನವಿಲು ನಡುಗಲಿಲ್ಲ. ನಂಬಿಕೆ ಬರಲಿಲ್ಲ, ಬೇಕಂತಲೇ ಇನ್ನಷ್ಟು ನಡುಗಿಸಿದೆ. ಆಗಲೂ ನಿಂತೇ ಇತ್ತು. ಆಮೇಲೆ ಬಲಕ್ಕೆ ಸರಿಸಿದೆ ನೋಡು, ಕುತ್ತಿಗೆ ಮೆಲ್ಲಗೆ, ಮನೆ ಮನೆ ಏರುತ್ತ ಮೇಲೆ ಬಂತು. ನಾನು ಅಂದುಕೊಂಡಲ್ಲಿಗೆ ಬಂತು. ನಾಲ್ಕು ತಿಂಗಳಿನಿಂದ ನಾನು ಒಂದು ಅಂದುಕೊಂಡರೆ ಕೈ ಇನ್ನೊಂದು ಮಾಡುತ್ತಿತ್ತು.

ಮರಿಯಮಬಿ ಬಾಜುಕ್ಕೆ ಕೂತು ಹುಕುಂ ಸುರು ಮಾಡಿದಳು. “ಇನ್ನೊಂಚೂರು ಮ್ಯಾಲ ತಗೋರಿ ಮಾಸ್ತರ, ಇಲ್ಲಾಂದ್ರ ಕೋಳಿ ಆಗತೈತಿ.” “ನಿನಗ ನೇಯೂದು ಗೊತ್ತೈತಿ, ಸುಮ್ಮ ಕೂಡು,” ಎಂದೆ. “ನೇಯೂದು ನಾನ, ಹೆಸರು ಕೆಡೂದು ನಂದ,” ಎಂದಳು. ಇಬ್ಬರೂ ಜೋರಾಗಿಯೇ ಜಗಳಾಡಿದೆವು. ಹೊಳೆಪ್ಪ ಗಾಬರಿಯಾಗಿ ಓಡಿ ಬಂದ. ಎಷ್ಟು ದಿನದ ಮೇಲೆ ನನ್ನ ಜೊತೆ ಯಾರೋ ಜಗಳಾಡಿದರು! ಎಲ್ಲರೂ ಬರೀ ಕನಿಕರ ಮಾಡುತ್ತಿದ್ದರು. ಕೊನೆಗೆ ಅವಳು ಹೇಳಿದ ಹಾಗೆಯೇ ಒಂದು ಮನೆ ಮೇಲೆ ತೆಗೆದುಕೊಂಡೆ. ಪ್ರಿಂಟರಿನಿಂದ ಹಾಳೆ ಬಂತು. ಈಗ ಮಗ್ಗದ ಮೇಲೆ ನವಿಲಿನ ಕಾಲುಗಳು ಮೂಡಿವೆ.

ಒಂದು ಮಾತು ಹೇಳಬೇಕು, ಬರೆಯುವವಳು ನಡುವೆ ನಿಲ್ಲಿಸಬಾರದು. ದುರಗವ್ವಾ, ನನ್ನ ಕೈಯನ್ನು ನೋಡಿದವರು ಬಹಳ ಮಂದಿ. ಕೆಲವರು ನಡುಕ ನೋಡಿದರು, ಕೆಲವರು ಮುಖ ತಿರುಗಿಸಿದರು. ಈ ಕೈ ಎಲ್ಲಿಗೆ ಹೋಗಬೇಕೆಂದಿದೆ ಎಂದು ನೋಡಿದವಳು ನೀನೊಬ್ಬಳೇ. ನಡುಕ ಬೇರೆ, ಮನಸ್ಸು ಬೇರೆ ಎಂದು ಅಷ್ಟು ದೂರ ಕೂತು ಹೆಂಗ ತಿಳಿದೆ ಮಗಳೆ? ನಾನು ನಿನಗೆ ಗೆರೆ ಕಲಿಸಿದೆ ಎಂದು ಊರಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ಇನ್ನು ಮೇಲೆ ಸ್ವಲ್ಪ ನಾಚಿಕೆಯಿಂದ ಹೇಳುತ್ತೇನೆ.

ಇನ್ನೊಂದು ಕೆಲಸ. ಆ ಸಡಿಲು ಎಷ್ಟು ಇರಬೇಕು ಎಂದು ನೀನೇ ನಿಶ್ಚಯ ಮಾಡಿದ್ದಿ. ಇವತ್ತಿನ ಕೈಗೆ ಅದು ಸರಿ ಇದೆ. ಸಂಕ್ರಮಣಕ್ಕೆ ಅರ್ಧ ಲೋಟ ಚಹಾ ಸಾಕಿತ್ತು, ಈಗ ಅರ್ಧವೂ ಚೆಲ್ಲುತ್ತದೆ. ಮುಂದಿನ ವರ್ಷದ ಕೈ ಬೇರೆ ಇರುತ್ತದೆ. ಪ್ರತಿ ಸಲ ನಿನಗೆ ಬರೆದು, ಇನ್ನಷ್ಟು ಹೆಚ್ಚಿಗೆ ನಡುಗುತ್ತಿದೆ ಅವ್ವಾ ಎಂದು ತಿಳಿಸುವುದು ನನಗೆ ಆಗುವುದಿಲ್ಲ. ಆ ಸಡಿಲಿಗೂ ಒಂದು ಪಟ್ಟಿ ಮಾಡಿ ಕಳಿಸು. ಎಷ್ಟು ನಡುಗುತ್ತದೋ ಅಷ್ಟಕ್ಕೆ ನಾನೇ ಸರಿಸಿಕೊಳ್ಳುತ್ತೇನೆ.

ಶಿದ್ಲಿಂಗಪ್ಪ

ನಡುವೆ ನಿಲ್ಲಿಸಲಿಲ್ಲ. ಎರಡು ಕಡೆ ಶಾಯಿ ಹರಡಿದೆ, ಓದಲು ಬಾರದಿದ್ದರೆ ಕೇಳು. — ರೇ.

—

ಬೆಳಗಾವಿ
ತಾ. ೨-೫-೧೯೮೮

ಪೂಜ್ಯ ಗುರುಗಳಿಗೆ ನಮಸ್ಕಾರಗಳು.

ನಾಲ್ಕನೆಯ ಪಟ್ಟಿ ಮಾಡಿದ್ದೇನೆ. ಮಾಡುವುದು ಸುಲಭವಿತ್ತು. ಒಂದು ಕಡೆ ಮಾತ್ರ ಕೈ ನಿಂತುಹೋಯಿತು.

ಯಾವ ಸ್ಲೈಡರ್ ಮಾಡಿದರೂ ಅದಕ್ಕೆ ಎರಡು ತುದಿ ಹೇಳಲೇಬೇಕು, ಇಲ್ಲಿಂದ ಇಲ್ಲಿಯ ತನಕ ಎಂದು. ಹೇಳದಿದ್ದರೆ ಯಂತ್ರ ಕೇಳುವುದಿಲ್ಲ. ಕುತ್ತಿಗೆಗೆ ಹೇಳಿದೆ, ಗರಿಗೆ ಹೇಳಿದೆ, ಕಷ್ಟವಾಗಲಿಲ್ಲ. ಇದರ ಎಡತುದಿಗೆ ಸೊನ್ನೆ ಬರೆದೆ. ಬಲತುದಿಗೆ ಏನು ಬರೆಯಲಿ ಎಂದು ಪರದೆ ನೋಡುತ್ತ ಕೂತೆ. ಅಲ್ಲಿ ಯಾವ ಅಂಕಿ ಬರೆದರೂ, ನನ್ನ ಗುರುಗಳ ಕೈ ಇಷ್ಟರ ತನಕ ಹೋಗುತ್ತದೆ ಎಂದು ನಾನೇ ಬರೆದಂತೆ ಆಗುತ್ತದೆ. ಸಣ್ಣದು ಬರೆದರೆ ಮುಂದೆ ನಿಮಗೆ ಸಾಲದಿದ್ದರೆ ಎಂಬ ಹೆದರಿಕೆ. ದೊಡ್ಡದು ಬರೆಯಲು ಮನಸ್ಸು ಒಪ್ಪಲಿಲ್ಲ.

ನನ್ನಿಂದ ತೀರ್ಮಾನವಾಗಲಿಲ್ಲ. ಕೊನೆಗೆ ಪರದೆ ಎಷ್ಟು ಅಗಲವಿದೆಯೋ ಅಷ್ಟೂ ಇಟ್ಟುಬಿಟ್ಟೆ. ನೋಡಲು ಬೇಸರವೆನಿಸಿದರೆ ಹೇಳಿರಿ, ಕಡಿಮೆ ಮಾಡಿ ಕಳಿಸುತ್ತೇನೆ. ನಿಮ್ಮ ಮುಂದೆ ಇಂಥದೊಂದು ಉದ್ದನೆಯ ಪಟ್ಟಿ ಇಟ್ಟದ್ದಕ್ಕೆ ನನ್ನ ಮೇಲೆ ಬೇಸರ ಮಾಡಿಕೊಳ್ಳಬೇಡಿ.

ದುರಗವ್ವ

—

ನವಲಗುಂದ
ತಾ. ೨೩-೫-೧೯೮೮

ಚಿ. ದುರಗವ್ವಳಿಗೆ ಆಶೀರ್ವಾದ.

ಶಾಲೆಗೆ ಬೇಸಿಗೆಯ ಸೂಟಿ. ಹೊಳೆಪ್ಪ ಕೀಲಿಯನ್ನು ನನ್ನ ಹತ್ತಿರವೇ ಕೊಟ್ಟು ಊರಿಗೆ ಹೋಗಿದ್ದಾನೆ. ದಿನಾ ಮುಂಜಾನೆ ಇವಳನ್ನು ಕರೆದುಕೊಂಡು ಹೋಗಿ ಕೂಡುತ್ತೇನೆ. ಈ ಕಾಗದವನ್ನೂ ಅಲ್ಲೇ ಕೂತು ಬರೆಸುತ್ತಿದ್ದೇನೆ.

ಪಟ್ಟಿ ಕಡಿಮೆ ಮಾಡಬೇಡ. ಮೊದಲನೇ ದಿನ ಗುಂಡಿ ಹಿಡಿದು, ನವಿಲಿನ ನಡುಕ ನಿಲ್ಲುವ ತನಕ ಸರಿಸಿದೆ. ಎಡತುದಿಯಿಂದ ನಾಲ್ಕು ಬೆರಳು ಹೋಗಿರಬಹುದು, ಅಷ್ಟರಲ್ಲೇ ನವಿಲು ನೆಟ್ಟಗೆ ನಿಂತಿತು. ಡಾಕ್ಟರು ಹೇಳಿದ ದಿನದಿಂದ ಎಲ್ಲ ಮುಗಿಯಿತು ಎಂದೇ ತಿಳಿದಿದ್ದೆ. ಎಷ್ಟು ಹೋಗಿದೆ, ಎಷ್ಟು ಉಳಿದಿದೆ ಎಂದು ಯಾರೂ ನನಗೆ ಹೀಗೆ ಕಣ್ಣಿಗೆ ಕಾಣುವಂತೆ ಇಟ್ಟು ತೋರಿಸಿರಲಿಲ್ಲ.

ಗುಂಡಿಯಿಂದ ಬಲಕ್ಕೆ ಅಷ್ಟು ಉದ್ದ ಪಟ್ಟಿ ಖಾಲಿ ಬಿದ್ದಿದೆ ಮಗಳೆ. ಇವಳಿಗೂ ತೋರಿಸಿದೆ. ಮರಿಯಮಬಿ ಜೋಡಿ ಕೇಳಿದ್ದಾಳೆ. ಎರಡನೆಯ ನವಿಲು ಸುರು ಮಾಡಿದೆ.

ಶಿದ್ಲಿಂಗಪ್ಪ